ಅಪ್‌ಡೇಟ್ ಆದ್ಮೇಲೆ ಬ್ರೌಸರ್ ಕೈಕೊಟ್ರೆ

ಮೊನ್ನೆ ಅಪ್‌ಡೇಟ್ ಆಗಿದ್ದೇ ತಡ, ಕರೆಂಟ್ ಬಿಲ್ ಕಟ್ಟೋ ಪೇಜು ಬಿಳಿ ಹಾಳೆ ಥರ ನಿಂತ್ಬಿಡ್ತು. ಹೀಗಾದ್ರೆ ತಕ್ಷಣ ಅನ್‌ಇನ್‌ಸ್ಟಾಲ್ ಮಾಡೋಕೆ ಹೋಗ್ಬೇಡಿ. ಮೊದಲು ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಇನ್‌ಕಾಗ್ನಿಟೊ ಅನ್ನೋ ಖಾಸಗಿ ವಿಂಡೋ ತೆಗೀರಿ (ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ). ಅಲ್ಲಿ ಪೇಜು ಸರಿಯಾಗಿ ಬಂದ್ರೆ ತಪ್ಪು ಬಹುಶಃ ಎಕ್ಸ್‌ಟೆನ್ಷನ್‌ದು (ಬ್ರೌಸರ್‌ಗೆ ನಾವು ಸೇರಿಸ್ಕೊಳ್ಳೋ ಪುಟ್ಟ ಪ್ರೋಗ್ರಾಂ), ಇಲ್ಲಾ ಹಳೇ ಕ್ಯಾಶೆದು (ಪೇಜು ಬೇಗ ತೆರೆಯೋಕೆ ಬ್ರೌಸರ್ ಉಳಿಸಿಟ್ಟ ಫೈಲ್‌ಗಳು). ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಆಫ್ ಮಾಡಿ ಒಂದೊಂದೇ ಆನ್ ಮಾಡ್ತಾ ಬನ್ನಿ. ನನಗೆ ಕಳ್ಳ ಸಿಕ್ಕಿದ್ದು ನಾಲ್ಕನೇದ್ರಲ್ಲಿ, ಯಾವತ್ತೋ ಹಾಕಿ ಮರೆತಿದ್ದ ಕೂಪನ್ ಹುಡುಕೋ ಎಕ್ಸ್‌ಟೆನ್ಷನ್! ಕ್ಯಾಶೆ ಅಳಿಸುವಾಗ ಕುಕೀಸ್‌ಗೆ ಟಿಕ್ ಬೇಡ, ಎಲ್ಲಾ ಕಡೆ ಲಾಗ್ಔಟ್ ಆಗುತ್ತೆ.

ಬೇರೆ ಬ್ರೌಸರ್ ನೋಡೋದಾದ್ರೆ, ಎಡ್ಜ್, ಬ್ರೇವ್, ಒಪೇರಾ, ವಿವಾಲ್ಡಿ ಎಲ್ಲದರ ಹೊಟ್ಟೆಯಲ್ಲೂ ಇರೋದು ಕ್ರೋಮ್‌ನಲ್ಲಿರೋ ಕ್ರೋಮಿಯಮ್ಮೇ (ಪೇಜು ತೋರಿಸೋ ಎಂಜಿನ್ ಇರೋದು ಇದರಲ್ಲೇ). ಎಂಜಿನ್ನೇ ಬೇರೆ ಬೇಕು ಅಂದ್ರೆ ಫೈರ್‌ಫಾಕ್ಸ್. ಬುಕ್‌ಮಾರ್ಕ್ ಎಕ್ಸ್‌ಪೋರ್ಟ್ ಮಾಡಿಟ್ಕೊಂಡೇ ಹೊರಡಿ.