ಗಂಗಾವತಿ ಗದ್ದೆಯ ಗೊರವ: ನಾನು ಗುರುತು ಹಿಡಿದ ಬಗೆ

ಮಾರ್ಷ್ ಸ್ಯಾಂಡ್‌ಪೈಪರ್ ಅನ್ನುವ ಗೊರವ (ಕೆಸರಲ್ಲಿ ಹುಳ ಹೆಕ್ಕುವ ಉದ್ದ ಕಾಲಿನ ನೀರುಹಕ್ಕಿ) ಬ್ರಿಟನ್ನಿನಲ್ಲಿ ಕಾಣಿಸಿದರೆ ಹಕ್ಕಿ ನೋಡುವವರಿಗೆ ದೊಡ್ಡ ಸುದ್ದಿ. ಅಂಥ ಅಪರೂಪದ ಹಕ್ಕಿಗಳ ದಾಖಲೆ ಪರಿಶೀಲಿಸಲು ಅಲ್ಲಿ 1959ರಿಂದ ಒಂದು ಸಮಿತಿಯೇ ಇದೆ. ಅಲಾಸ್ಕಾ, ಕ್ಯಾಲಿಫೋರ್ನಿಯಾ ಕಡೆಗೂ ಇದು ಅಪರೂಪಕ್ಕೆ ದಾರಿ ತಪ್ಪಿ ಬಂದದ್ದಿದೆ. ನಮ್ಮ ಗಂಗಾವತಿ, ಕಾರಟಗಿ ಭಾಗದಲ್ಲಿ ಚಳಿಗಾಲದ ಗದ್ದೆಗೆ ಹೋದರೆ ನೋಡಲು ಸಿಗುತ್ತದೆ. ಸುಲಭವಾಗಿ ಸಿಗುತ್ತದೆ ಅಂತ ಸುಮ್ನೆ 'ಗೊರವ' ಎಂದು ಬರೆದು ಬಿಡಲು ನನಗೆ ಮನಸ್ಸಾಗಲಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು, ಎರಡನೇ ಬೆಳೆಗೆ ಟ್ರ್ಯಾಕ್ಟರ್ ದಮ್ಮು ಹೊಡೆಯುವಾಗ (ನೀರು ನಿಂತ ಗದ್ದೆಯನ್ನು ಉತ್ತು ಕೆಸರು ಮಾಡುವಾಗ) ನೋಡಬೇಕು. ಕೆಸರು ಮಗುಚಿದಂತೆ ಹುಳ, ಸಣ್ಣ ಬಸವನಹುಳು ಮೇಲೆ ಬರುತ್ತವೆ. ಬೆಳ್ಳಕ್ಕಿ, ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ಗೊರವ ಎಲ್ಲ ಒಟ್ಟಿಗೇ ಇಳಿಯುತ್ತವೆ. ಪೈರು ಎತ್ತರವಾದ ಮೇಲೆ ಸಣ್ಣ ಹಕ್ಕಿ ಕಾಣುವುದಿಲ್ಲ. ನಾನು ಬೆಳಿಗ್ಗೆ ಬಿಸಿಲು ಬೆನ್ನಿಗೆ ಬರುವಂತೆ ಬದುವಿನ ಮೇಲೆ ಕೂತುಬಿಡುತ್ತೇನೆ. ಬೈನಾಕ್ಯುಲರ್ ಸಾಕು.

ಗೊಂದಲ ಜಾಸ್ತಿ ಆಗುವುದು ಇನ್ನೊಂದು ಬಗೆಯ ಗೊರವವಾದ ಗ್ರೀನ್‌ಶ್ಯಾಂಕ್ ಜೊತೆ. ಎರಡರ ಮೈಯೂ ಚಳಿಗಾಲದಲ್ಲಿ ಬೂದು, ಬಿಳಿ. ಹಾರಿದಾಗ ಎರಡರ ಬೆನ್ನಲ್ಲೂ ಉದ್ದನೆಯ ಬಿಳಿ ಪಟ್ಟಿ ಕಾಣುತ್ತದೆ. ಹಾಗಾಗಿ ನಾನು ಮೊದಲು ಕೊಕ್ಕು ನೋಡುತ್ತೇನೆ. ಮಾರ್ಷ್ ಸ್ಯಾಂಡ್‌ಪೈಪರ್‌ದು ನೇರ, ಸೂಜಿಯಷ್ಟು ಸಪೂರ. ಗ್ರೀನ್‌ಶ್ಯಾಂಕ್‌ದು ಬುಡದಲ್ಲಿ ದಪ್ಪ, ತುದಿ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಮೈ ಅಳತೆಯಲ್ಲೂ ವ್ಯತ್ಯಾಸವಿದೆ: ಮೊದಲನೆಯದು ಸುಮಾರು 22-26 ಸೆಂ.ಮೀ., ಎರಡನೆಯದು 30-35. ದೂರದಿಂದ ಅಳತೆ ತಿಳಿಯುವುದು ಕಷ್ಟ ಅಲ್ವಾ? ಪಕ್ಕದಲ್ಲಿ ಮೆಟ್ಟುಗಾಲು ಹಕ್ಕಿ ಬರುವ ತನಕ ಕಾಯುತ್ತೇನೆ. ಅದರ ಪಕ್ಕ ನಿಂತಾಗ ಮಾರ್ಷ್ ಸ್ಯಾಂಡ್‌ಪೈಪರ್ ತೀರಾ ನಾಜೂಕು. ಹಾರುವಾಗ ಅದರ ಕಾಲು ಬಾಲದಿಂದಾಚೆ ಉದ್ದಕ್ಕೆ ಚಾಚಿರುತ್ತದೆ. ಗ್ರೀನ್‌ಶ್ಯಾಂಕ್ ಸಾಮಾನ್ಯವಾಗಿ ಮೂರು ಸಲ ಜೋರಾಗಿ ಕೂಗುತ್ತದೆ. ಮಾರ್ಷ್ ಸ್ಯಾಂಡ್‌ಪೈಪರ್ ದನಿ ತೆಳು.

"ಏನ್ ನೋಡಾಕತ್ತೀರಿ ಸರ್? ನಮ್ ನೆಲ್ಲಿಗೇನರ ತ್ರಾಸೈತೇನು?" ಅಂತ ಗದ್ದೆಯವರು ಕೇಳಿದರು. ಇಲ್ಲ ಅಣ್ಣಾ, ಇವು ನೆಲ್ಲು ತಿನ್ನಲ್ಲ, ನೀರಿನ ಹುಳ ತಿನ್ನುತ್ತವೆ ಅಂದೆ. ಪೂರ್ವ ಯುರೋಪಿನಿಂದ ಸೈಬೀರಿಯಾ ತನಕದ ಜೌಗು ಹುಲ್ಲುಗಾವಲಲ್ಲಿ ಮರಿ ಮಾಡಿ ಇಲ್ಲಿಗೆ ಬರುತ್ತವೆ ಅಂದಾಗ ಅವರೂ ಬೈನಾಕ್ಯುಲರ್ ಕೇಳಿ ತಗೊಂಡರು. ಗದ್ದೆಯವರನ್ನು ಕೇಳಿಯೇ ಬದು ಹತ್ತಬೇಕು, ಹಕ್ಕಿ ಎಬ್ಬಿಸಬಾರದು. ಇದು ನನಗೆ ತುಂಬ ಮುಖ್ಯ.

ಕೂತಲ್ಲೇ ಕೊಕ್ಕು, ಕಾಲು, ಬೆನ್ನು, ಕೂಗು ಬರೆದುಕೊಳ್ಳುತ್ತೇನೆ. ಮನೆಗೆ ಬಂದು ನೆನಪಿನಿಂದ ಬರೆಯುವುದಿಲ್ಲ. ಫೋಟೋ ಮಸುಕಾದರೂ ಇಟ್ಟುಕೊಳ್ಳುತ್ತೇನೆ. ಆಮೇಲೆ ಹಕ್ಕಿ ನೋಡಿದವರು ದಾಖಲೆ ಸೇರಿಸುವ ಜಾಲತಾಣ ಇಬರ್ಡ್‌ಗೆ ಹಾಕುತ್ತೇನೆ.

ಏಪ್ರಿಲ್ ಹೊತ್ತಿಗೆ ಗದ್ದೆ ಒಣಗುತ್ತದೆ. ಆಗ ತುಂಗಭದ್ರಾ ಹಿನ್ನೀರಿನ ಕೆಸರಂಚಿಗೆ ಹೋಗುತ್ತೇನೆ. ವಾಪಸ್ ಹೊರಡುವ ಮುಂಚೆ ಕೆಲವು ಮಾರ್ಷ್ ಸ್ಯಾಂಡ್‌ಪೈಪರ್‌ಗಳ ಬೆನ್ನಿಗೆ ಕಪ್ಪು ಚುಕ್ಕೆ ಮೂಡಿರುತ್ತವೆ. ಅವನ್ನು ಮತ್ತೊಂದು ಗೊರವವಾದ ವುಡ್ ಸ್ಯಾಂಡ್‌ಪೈಪರ್ ಅಂದುಕೊಳ್ಳುವುದು ಸುಲಭ. ಹಾರುವ ತನಕ ಕಾಯಿರಿ: ವುಡ್ ಸ್ಯಾಂಡ್‌ಪೈಪರ್‌ಗೆ ಬಿಳಿ ಇರುವುದು ಬಾಲದ ಬುಡದಲ್ಲಷ್ಟೇ, ಬೆನ್ನಿಗೆ ಏರಿರುವುದಿಲ್ಲ.