ಬೈಕಿನ ಜಿಪಿಎಸ್‌ಗೆ ಕರೆಂಟ್ ಕೊಡುವಾಗ

ಕಾಡುದಾರಿಯಲ್ಲಿ ಜಿಪಿಎಸ್ ಆಫ್ ಆದರೆ ಮೊದಲು ಪ್ಲಗ್ ನೋಡಿ. ಬಿಸಿಲೆ ಘಾಟಿಯ ಕಡೆ ನನ್ನದು ಮೂರು ಸಲ ಆಫ್ ಆಯಿತು. ಕಾರಿನ ಲೈಟರ್ ಸಾಕೆಟ್ ಥರದ್ದನ್ನು ಹ್ಯಾಂಡಲ್‌ಗೆ ಕಟ್ಟಿದ್ದೆ. ಕುಲುಕಾಟಕ್ಕೆ ಪ್ಲಗ್ ತಾನೇ ಹೊರಗೆ ಜಾರುತ್ತಿತ್ತು. ಜೊತೆಗೆ ಮಳೆ ಬೇರೆ!

ಈಗ ಬ್ಯಾಟರಿಯಿಂದಲೇ ನೇರ ವೈರ್ ಎಳೆದಿದ್ದೇನೆ. ಪ್ಲಸ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ 3 ಆಂಪಿಯರ್ ಫ್ಯೂಸ್ ಹಾಕಿ. ಫ್ಯೂಸ್ ಹ್ಯಾಂಡಲ್ ಹತ್ತಿರ ಇದ್ದರೆ, ಟ್ಯಾಂಕ್ ಕೆಳಗೆ ವೈರ್ ಉಜ್ಜಿ ಶಾರ್ಟ್ ಆದಾಗ ಅದರಿಂದ ಏನೂ ಉಪಯೋಗವಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರುತ್ತದೆ, ಯುಎಸ್‌ಬಿ ಜಿಪಿಎಸ್‌ಗೆ ಬೇಕಿರುವುದು 5. ಹಾಗಾಗಿ ನಡುವೆ ನೀರು ಹೋಗದ ಕನ್ವರ್ಟರ್ ಬೇಕೇ ಬೇಕು.

ಒಂದು ರಿಲೇ (ಸಣ್ಣ ಸಿಗ್ನಲ್ ಸಿಕ್ಕರೆ ತಾನೇ ಆನ್ ಆಗುವ ಸ್ವಿಚ್) ಸೇರಿಸಿ, ಅದಕ್ಕೆ ಸಿಗ್ನಲ್ ಟೇಲ್ ಲೈಟ್ ವೈರಿಂದ ತಗೊಳ್ಳಿ. ಕೀ ತೆಗೆದರೆ ಜಿಪಿಎಸ್‌ಗೆ ಹೋಗುವ ಕರೆಂಟೂ ನಿಲ್ಲುತ್ತದೆ. ಇಲ್ಲದಿದ್ದರೆ ಕನ್ವರ್ಟರ್ ಸುಮ್ನೆ ಬ್ಯಾಟರಿ ಹೀರುತ್ತಿರುತ್ತದೆ. ಕಿಕ್ ಇಲ್ಲದ ಬೈಕಾದರೆ ಬೆಳಿಗ್ಗೆ ತಳ್ಳೋದೇ ಗತಿ, ಅಲ್ವಾ?

ವೈರ್ ಕಟ್ಟುವ ಪ್ಲಾಸ್ಟಿಕ್ ಟೈ ಬಿಗಿಯುವ ಮುಂಚೆ ಹ್ಯಾಂಡಲ್ ಅನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಹ್ಯಾಂಡಲ್ ತಿರುಗುವ ಜಾಗ, ಅಂದರೆ ಸ್ಟೀರಿಂಗ್ ಹೆಡ್ ಹತ್ತಿರ ವೈರ್ ಎಲ್ಲಾದರೂ ಬಿಗಿಯಾದರೆ ಒಂದು ಗೇಣು ಸಡಿಲ ಬಿಡಿ. ನನ್ನ ಮೊದಲ ವೈರ್ ತುಂಡಾಗಿದ್ದು ಅಲ್ಲೇ. ಹೊರಗಿನ ರಬ್ಬರ್ ನೆಟ್ಟಗಿತ್ತು, ಒಳಗಿನ ತಾಮ್ರ ಮಾತ್ರ ಮುರಿದಿತ್ತು. ಹುಡುಕೋಕೆ ಅರ್ಧ ದಿನ ಹಿಡಿಯಿತು.