ನೋವಿಲ್ಲ ಅಂದರೆ ಒಮ್ಮೆ ಬೆರಳು ಮುಟ್ಟಿ ನೋಡಿ

ನಮ್ಮ ಮಂಡ್ಯ ಕಡೆ ಕಬ್ಬಿನ ಕೂಳೆ ಕಾಲಿಗೆ ಚುಚ್ಚಿದರೆ ಎಂಥ ಗಟ್ಟಿ ಆಳಾದರೂ ಅವ್ವಾ ಅಂತಾನೆ. ನಮ್ಮ ದೊಡ್ಡಪ್ಪ ಅನ್ನಲಿಲ್ಲ. ಗದ್ದೆಯಿಂದ ಬಂದು ಜಗಲಿ ಮೇಲೆ ಕೂತಿದ್ದರು, ನೆಲದ ಮೇಲೆ ರಕ್ತದ ಹೆಜ್ಜೆ ನೋಡಿ ದೊಡ್ಡಮ್ಮ ಕೂಗಿಕೊಂಡ ಮೇಲೇ ಅವರಿಗೂ ಗೊತ್ತಾಗಿದ್ದು. "ನೋವೇ ಇಲ್ಲ, ಬಿಡು" ಅಂದರು. ಶುಗರ್ ಬಂದು ಹನ್ನೆರಡು ವರ್ಷವಾಗಿತ್ತು. ಅಷ್ಟೂ ವರ್ಷ ತೋರಿಸುತ್ತಿದ್ದ ಕ್ಲಿನಿಕ್ಕಿಗೆ ಅವರು ಚಪ್ಪಲಿ ಹೊರಗೆ ಬಿಟ್ಟೇ ಹೋಗುತ್ತಿದ್ದರು. ಆದರೂ ಒಬ್ಬರೂ ಪಾದ ನೋಡಿರಲಿಲ್ಲ!

ರಕ್ತದಲ್ಲಿ ಸಕ್ಕರೆ ಬಹಳ ದಿನ ಜಾಸ್ತಿ ಇದ್ದರೆ ನರ ಹಾಳಾಗುತ್ತದೆ. ಉದ್ದದ ನರಕ್ಕೆ ಮೊದಲ ಪೆಟ್ಟು. ಅದಕ್ಕೇ ಕಾಲ್ಬೆರಳ ತುದಿಯಲ್ಲಿ ಶುರುವಾಗಿ, ಸಾಮಾನ್ಯವಾಗಿ ಎರಡೂ ಕಾಲಲ್ಲಿ, ಕಾಲುಚೀಲ ಏರಿಸಿದ ಹಾಗೆ ಮೇಲಕ್ಕೆ ಬರುತ್ತದೆ. ಕೆಲವರಿಗೆ ರಾತ್ರಿ ಅಂಗಾಲು ಉರಿ, ಜೋಮು, ಇರುವೆ ಹರಿದ ಹಾಗೆ. ಅರ್ಧದಷ್ಟು ಜನಕ್ಕೆ ಇದ್ಯಾವುದೂ ಇಲ್ಲದೆ ಇರಬಹುದು. ನಡೆಯುವಾಗ ಹವಾಯಿ ಚಪ್ಪಲಿ ಜಾರಿ ಹಿಂದೆ ಉಳಿದದ್ದೇ ತಿಳಿಯಲಿಲ್ಲ ಅಂದರೆ ನಗಬೇಡಿ, ಅದೂ ಒಂದು ಸುಳಿವು.

ಮನೆಯಲ್ಲೇ ನೋಡಲು ಒಂದು ಸುಲಭ ಪರೀಕ್ಷೆ ಇದೆ, ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಅಂತ. ಖರ್ಚಿಲ್ಲ, ಇನ್ನೊಬ್ಬರ ಬೆರಳು ಸಾಕು.

ಮೊದಲು ಅವರನ್ನು ಮಲಗಿಸಿ, ಕಣ್ಣು ಮುಚ್ಚಿಸಿ. ನಮ್ಮ ದೊಡ್ಡಪ್ಪ ಕಳ್ಳಗಣ್ಣು ಬಿಡುತ್ತಾರೆ, ಹಾಗಾಗಿ ದೊಡ್ಡಮ್ಮ ಮುಖದ ಮೇಲೆ ಟವೆಲ್ಲೇ ಹಾಕುತ್ತಾರೆ. ಮುಟ್ಟಿದ್ದು ಗೊತ್ತಾದ ಕೂಡಲೇ 'ಎಡ' ಅಥವಾ 'ಬಲ' ಅನ್ನಬೇಕು ಅಂತ ಹೇಳಿಡಿ.

ಆಮೇಲೆ ನಿಮ್ಮ ತೋರುಬೆರಳ ತುದಿಯಿಂದ ಬಲಗಾಲಿನ ಹೆಬ್ಬೆರಳು, ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಕಿರುಬೆರಳು, ಕೊನೆಗೆ ಬಲದ ನಡುಬೆರಳು, ಎಡದ ನಡುಬೆರಳು, ಹೀಗೆ ಆರು ಬೆರಳ ತುದಿಯನ್ನು ಒಂದೆರಡು ಸೆಕೆಂಡ್ ಮುಟ್ಟಿ. ಗರಿ ತಾಗಿದಷ್ಟು ಹಗುರ ಇರಲಿ. ಒತ್ತುವುದು, ಸವರುವುದು, ತಟ್ಟುವುದು ಬೇಡ, ಇಲ್ಲೇ ಎಲ್ಲರೂ ಎಡವುವುದು. ಉತ್ತರ ಬರಲಿಲ್ಲ ಅಂತ ಮತ್ತೆ ಮುಟ್ಟಬೇಡಿ, ಒಂದು ಬೆರಳಿಗೆ ಒಂದೇ ಸಲ. ಪಿನ್ನು, ಸೂಜಿಯಂತೂ ಮನೆಯಲ್ಲಿ ಬೇಡವೇ ಬೇಡ.

ಆರರಲ್ಲಿ ಎರಡು ಅಥವಾ ಜಾಸ್ತಿ ಬೆರಳು ತಪ್ಪಿದರೆ ಸ್ಪರ್ಶ ಕಮ್ಮಿಯಾಗಿದೆ ಅಂತ ಲೆಕ್ಕ, ಡಾಕ್ಟರ ಹತ್ತಿರ ಹೋಗಿ. ಎಲ್ಲ ಸರಿಯಾಗಿ ಹೇಳಿದರೂ ವರ್ಷಕ್ಕೊಮ್ಮೆ ತೋರಿಸುವುದು ತಪ್ಪಿಸಬೇಡಿ, ಯಾಕೆಂದರೆ ತೀರಾ ಶುರುವಿನ ಹಾನಿ ಈ ಬೆರಳಾಟಕ್ಕೆ ಸಿಗದೆ ಹೋಗಬಹುದು. ಟೈಪ್ 2, ಅಂದರೆ ಹೆಚ್ಚಾಗಿ ದೊಡ್ಡವರಿಗೆ ಬರುವ ಶುಗರ್ ಆದರೆ ಕಾಯಿಲೆ ಗೊತ್ತಾದ ದಿನದಿಂದಲೇ, ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ನೇ ಸರಿಯಾಗಿ ತಯಾರಾಗದ ಬಗೆ ಆದರೆ 5 ವರ್ಷದ ನಂತರ ಪ್ರತಿವರ್ಷ ಪಾದ ಪರೀಕ್ಷೆ ಆಗಬೇಕು.

ಅಲ್ಲಿ ಮೊನೊಫಿಲಮೆಂಟ್ ಅನ್ನುವ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತುತ್ತಾರೆ. 10 ಗ್ರಾಂ ಭಾರಕ್ಕೆ ಅದು ಬಾಗುತ್ತದೆ. ಬಾಗಿದಾಗಲೂ ಗೊತ್ತಾಗದಿದ್ದರೆ ಹುಣ್ಣಾಗುವ ಅಪಾಯ ಇದೆ ಅಂತ ಅರ್ಥ. 128 ಹರ್ಟ್ಸ್ ಶ್ರುತಿಕವೆಯನ್ನು (ತಟ್ಟಿದರೆ ನಡುಗುವ ಕವಲುಕಡ್ಡಿ, ಟ್ಯೂನಿಂಗ್ ಫೋರ್ಕ್) ಹೆಬ್ಬೆರಳ ಮೂಳೆಗೆ ಇಟ್ಟು ನಡುಕ ತಿಳಿಯುತ್ತದಾ ಅಂತಲೂ ನೋಡುತ್ತಾರೆ. ಇವೆರಡನ್ನೂ ಅವರು ಮಾಡದಿದ್ದರೆ ನೀವೇ ಬಾಯಿಬಿಟ್ಟು ಕೇಳಿ, ಸಂಕೋಚ ಯಾಕೆ? ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ನುಂಗುತ್ತಿದ್ದರೆ ಬಿ12 ಪರೀಕ್ಷೆಯ ಮಾತೂ ಎತ್ತಿ. ಆ ವಿಟಮಿನ್ ಕಮ್ಮಿಯಾದರೂ ಹೀಗೇ ಜೋಮು ಹಿಡಿಯುತ್ತದೆ, ಅದಕ್ಕೆ ಚಿಕಿತ್ಸೆಯೇ ಬೇರೆ.

ಸ್ಪರ್ಶ ಕಮ್ಮಿ ಅಂತ ಗೊತ್ತಾದ ಮೇಲೆ ದಿನಾ ರಾತ್ರಿ ಬೆರಳ ಸಂದಿ ನೋಡಿ, ಅಂಗಾಲಿಗೆ ಕನ್ನಡಿ ಹಿಡಿಯಿರಿ. ಹಂಡೆಯ ನೀರಿಗೆ ಮೊದಲು ಮೊಣಕೈ, ಆಮೇಲೆ ಕಾಲು. ಗದ್ದೆಗೆ ಬರಿಗಾಲಲ್ಲಿ ಇಳಿಯಬೇಡಿ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಬರಿಗಾಲಲ್ಲಿ ಹತ್ತುವ ಹರಕೆ ಇದ್ದರೆ, ತಾಯಿ ಹತ್ತಿರ ಬಸ್ಸಲ್ಲೇ ಹೋಗಿ.